ಯಾರೂ ಕೇಳಿಕೊಂಡು ಬಾರದ ಬೂದಿ: ಸೈನಿಕರ ಅಸ್ಥಿ, ಕಾನೂನು ಮತ್ತು ನಾವು



ಸತ್ತವರನ್ನು ಸುಟ್ಟ ಮೇಲೆ ಉಳಿಯುವ ಬೂದಿ ಯಾರದು? ಮನೆಯವರದು ಎಂದು ನಾವೆಲ್ಲ ಥಟ್ಟನೆ ಉತ್ತರ ಕೊಡುತ್ತೇವೆ. ಮೂರನೆಯ ದಿನ ಸುಡುಗಾಡಿಗೆ ಹೋಗಿ, ನೀರು ಹಾಲು ಚಿಮುಕಿಸಿ, ಅಸ್ಥಿ ಆರಿಸಿ ಗಡಿಗೆಯಲ್ಲಿ ತುಂಬಿ ಹೊಳೆಗೆ ಬಿಡುವುದು ನಮ್ಮ ಕಡೆಯ ರೂಢಿ. ಸರಿ, ಆದರೆ ಮನೆಯವರೇ ಬಾರದಿದ್ದರೆ? ಸತ್ತವನಿಗೆ ಮನೆ ಇದ್ದೂ ಆ ಮನೆಗೆ ಸುದ್ದಿಯೇ ಮುಟ್ಟದಿದ್ದರೆ? ಅವನು ಒಂದು ಕಾಲಕ್ಕೆ ದೇಶಕ್ಕಾಗಿ ಬಂದೂಕು ಹಿಡಿದ ಸೈನಿಕನಾಗಿದ್ದರೆ? ಈ ಪ್ರಶ್ನೆಗೆ ಬೇರೆ ಬೇರೆ ದೇಶಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಅದಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಪಠ್ಯಪುಸ್ತಕದಲ್ಲಿ ಯುದ್ಧದ ಇಸವಿ ಇರುತ್ತದೆ, ಗೆದ್ದವರ ಸೋತವರ ಹೆಸರಿರುತ್ತದೆ. ಯುದ್ಧ ಮುಗಿದ ಮೇಲೆ ಸತ್ತವರು ಏನಾದರು ಎಂಬುದು ಇರುವುದಿಲ್ಲ. ಅದನ್ನೇ ಇಲ್ಲಿ ನೋಡೋಣ.

ಚಿಂಬಲ್‌ನಲ್ಲಿ ಕುಳಿತು ಇದನ್ನು ಬರೆಯುವುದಕ್ಕೂ ಕಾರಣವಿದೆ. ಪಣಜಿಗೂ ಹಳೇ ಗೋವೆಗೂ ನಡುವೆ, ತಿಸವಾಡಿ ತಾಲೂಕಿನಲ್ಲಿರುವ ಈ ಊರಿನ ಇಂದಿರಾನಗರದಲ್ಲಿ ಕನ್ನಡ ಮಾತಾಡುವ ಮನೆಗಳು ಬಹಳ. ದುಡಿಯಲು ಬಂದವರು, ಬಂದು ಎರಡು ತಲೆಮಾರು ಕಳೆದವರು, ನಿನ್ನೆ ಬಂದವರು ಎಲ್ಲರೂ ಇದ್ದಾರೆ. ಇಂಥ ಊರಲ್ಲಿ ಸಾವು ಬಂದಾಗ ಮೊದಲು ಏಳುವ ಪ್ರಶ್ನೆಯೇ ‘ಊರಿಗೆ ಒಯ್ಯೋದೋ, ಇಲ್ಲೇ ಮಾಡೋದೋ’ ಎಂಬುದು. ನಮ್ಮಲ್ಲಿ ಲಿಂಗಾಯತರು, ಮುಸಲ್ಮಾನರು, ಕ್ರೈಸ್ತರು ಹೂಳುತ್ತಾರೆ, ಉಳಿದವರಲ್ಲಿ ಅನೇಕರು ಸುಡುತ್ತಾರೆ. ಸುಟ್ಟರೆ ಅಸ್ಥಿಯನ್ನಾದರೂ ಊರ ಹೊಳೆಗೆ ಮುಟ್ಟಿಸಬೇಕೆಂಬ ಆಸೆ. ಮಲಪ್ರಭೆಯೋ, ಕೃಷ್ಣೆಯೋ, ತುಂಗಭದ್ರೆಯೋ. ಮಾಂಡವಿಗೆ ಬಿಟ್ಟರೂ ನಡೆಯುತ್ತದೆ ಎನ್ನುವವರಿದ್ದಾರೆ. ಯಾಕೆಂದರೆ ಖಾನಾಪುರ ತಾಲೂಕಿನಲ್ಲಿ ಮಹಾದಾಯಿ ಎಂದು ಹುಟ್ಟುವ ಹೊಳೆಯೇ ಇಲ್ಲಿಗೆ ಬಂದು ಮಾಂಡವಿ ಆಗುವುದು. ಪರಸ್ಥಳದಲ್ಲಿ ಬದುಕುವವರಿಗೆ ಬೂದಿಯ ಪ್ರಶ್ನೆ ಪುಸ್ತಕದ ಪ್ರಶ್ನೆಯಲ್ಲ.

ಅಮೆರಿಕದ ಕಪಾಟುಗಳಲ್ಲಿ ಉಳಿದವರು

ಮೊದಲು ದೂರದ ದೇಶದಿಂದ ಆರಂಭಿಸೋಣ. ಅಮೆರಿಕದಲ್ಲಿ ಸತ್ತವರ ಕೆಲಸವನ್ನು ಮನೆಯವರು, ಓಣಿಯವರು ಸೇರಿ ಮಾಡುವ ಪದ್ಧತಿ ಇಲ್ಲ. ಅದಕ್ಕೆಂದೇ ‘ಫ್ಯೂನರಲ್ ಹೋಮ್’ ಎಂಬ ಖಾಸಗಿ ಸಂಸ್ಥೆಗಳಿವೆ. ದೇಹ ಒಯ್ಯುವುದು, ಸಿದ್ಧಗೊಳಿಸುವುದು, ಹೂಳಿಸುವುದು ಅಥವಾ ಸುಡಿಸುವುದು ಎಲ್ಲವೂ ಅವರ ಕೆಲಸ. ಸುಟ್ಟ ಮೇಲೆ ಬೂದಿಯನ್ನು ಡಬ್ಬಿಯಲ್ಲಿ ತುಂಬಿ, ಚೀಟಿ ಅಂಟಿಸಿ ಮನೆಯವರಿಗಾಗಿ ಕಾಯುತ್ತಾರೆ. ಬಹಳ ಜನ ಬಂದು ಒಯ್ಯುತ್ತಾರೆ. ಕೆಲವರು ಬರುವುದೇ ಇಲ್ಲ. ಮಕ್ಕಳಿಲ್ಲದವರು, ಮನೆಯವರೊಂದಿಗೆ ಮಾತು ಬಿಟ್ಟವರು, ಊರೂರು ಅಲೆದವರು ಸತ್ತರೆ ಅವರ ಡಬ್ಬಿ ಕಪಾಟಿನಲ್ಲೇ ಉಳಿಯುತ್ತದೆ. ವರ್ಷಗಟ್ಟಲೆ, ಕೆಲವೊಮ್ಮೆ ನೂರು ವರ್ಷ!

ಆರೆಗಾನ್ ರಾಜ್ಯದ ಸೇಲಂ ಎಂಬ ಊರಿನಲ್ಲಿ ಒಂದು ಸರಕಾರಿ ಮಾನಸಿಕ ಆಸ್ಪತ್ರೆ ಇದೆ. 2004ರಲ್ಲಿ ಅಲ್ಲಿಗೆ ಭೇಟಿ ಕೊಟ್ಟ ಶಾಸಕರು ಒಂದು ಕೋಣೆಯ ಬಾಗಿಲು ತೆಗೆಸಿ ನೋಡಿದಾಗ ಕಂಡದ್ದು ಸಾಲು ಸಾಲು ತಾಮ್ರದ ಡಬ್ಬಿಗಳು. ಸುಮಾರು 3,500 ಮಂದಿಯ ಬೂದಿ. ತಾಮ್ರ ಕಿಲುಬು ಹಿಡಿದು ಹಸಿರು ನೀಲಿ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಹೆಸರುಗಳ ಪಟ್ಟಿಯನ್ನು ಸಾರ್ವಜನಿಕರಿಗೆ ತೆರೆದಿಟ್ಟರು. ಪಟ್ಟಿ ನೋಡಿ ಮೊಮ್ಮಕ್ಕಳು, ಮರಿಮಕ್ಕಳು ಹುಡುಕಿಕೊಂಡು ಬಂದರು. 2014ರಲ್ಲಿ ಅಲ್ಲಿ ಸ್ಮಾರಕವೂ ಆಯಿತು. ಆ ಡಬ್ಬಿಗಳ ನಡುವೆ ಸೈನ್ಯದಲ್ಲಿ ಇದ್ದವರೂ ಇದ್ದರು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಅಮೆರಿಕದಲ್ಲಿ ಮಾಜಿ ಸೈನಿಕರಿಗೆ ರಾಷ್ಟ್ರೀಯ ಸ್ಮಶಾನಗಳಲ್ಲಿ ಜಾಗ ಉಂಟು. ಅಂಥ ಸ್ಮಶಾನಗಳಿಗೆ ಅಂತರ್ಯುದ್ಧದ ಹೊತ್ತಿಗೆ, 1862ರಲ್ಲಿಯೇ, ಕಾನೂನು ಮಾಡಿದ್ದರು. ಗೌರವದಿಂದ ಸೇವೆ ಮುಗಿಸಿದ ಸೈನಿಕನಿಗೆ ಜಾಗ, ಕಲ್ಲು, ರಾಷ್ಟ್ರಧ್ವಜ ಎಲ್ಲ ಸರಕಾರದ ಖರ್ಚಿನಲ್ಲಿ. ಹಾಗಿದ್ದೂ ಸೈನಿಕರ ಬೂದಿ ಅಂಗಡಿಯ ಕಪಾಟಿನಲ್ಲಿ ಉಳಿದದ್ದೇಕೆ? ಹಕ್ಕು ಇತ್ತು, ಆದರೆ ಅದನ್ನು ಕೇಳಲು ಮನೆಯವರು ಇರಲಿಲ್ಲ. ಕಪಾಟಿನ ಮಾಲೀಕನಿಗೆ ಈ ಡಬ್ಬಿಯಲ್ಲಿರುವವನು ಸೈನಿಕನೋ ಅಲ್ಲವೋ ಗೊತ್ತಿರಲಿಲ್ಲ. ಗೊತ್ತಿದ್ದರೂ ಬೇರೆಯವರ ಕೈಗೆ ಕೊಡಲು ಹೆದರಿಕೆ. ನಾಳೆ ಮಗನೋ ಮಗಳೋ ಬಂದು ‘ನಮ್ಮಪ್ಪನ ಬೂದಿ ಯಾರಿಗೆ ಕೊಟ್ಟೆ’ ಎಂದು ಕೋರ್ಟಿಗೆ ಎಳೆದರೆ ಗತಿಯೇನು?

ಕಾನೂನು ಬಿಡಿಸಿದ ಗಂಟು

2006ರ ಸುಮಾರಿಗೆ ಕೆಲವು ಮಾಜಿ ಸೈನಿಕರು ಸೇರಿ ‘ಮಿಸ್ಸಿಂಗ್ ಇನ್ ಅಮೆರಿಕ ಪ್ರಾಜೆಕ್ಟ್’ ಎಂಬ ಸ್ವಯಂಸೇವಾ ಸಂಘಟನೆ ಕಟ್ಟಿದರು. ಫ್ಯೂನರಲ್ ಹೋಮ್‌ಗಳ ಬಾಗಿಲು ತಟ್ಟಿ, ಹೆಸರುಗಳ ಪಟ್ಟಿ ಪಡೆದು, ಸರಕಾರದ ಸೇನಾ ದಾಖಲೆಯೊಂದಿಗೆ ತಾಳೆ ನೋಡುವುದು ಅವರ ಕೆಲಸ. ಸೈನಿಕ ಎಂದು ಖಚಿತವಾದರೆ ಧ್ವಜ, ಕಹಳೆ, ವಂದನೆಯೊಂದಿಗೆ ರಾಷ್ಟ್ರೀಯ ಸ್ಮಶಾನಕ್ಕೆ ಒಯ್ಯುತ್ತಾರೆ. ಹೀಗೆ ಸಾವಿರಾರು ಮಂದಿಗೆ ನೆಲೆ ಸಿಕ್ಕಿದೆ. ಅವರಲ್ಲಿ 1861-65ರ ಅಂತರ್ಯುದ್ಧದಲ್ಲಿ ಹೋರಾಡಿದವರೂ ಇದ್ದರು ಎಂದರೆ ಕಾಯುವಿಕೆ ಎಷ್ಟು ದೀರ್ಘವಾಗಿತ್ತೆಂದು ನೀವೇ ಯೋಚಿಸಿ.

ಸಂಘಟನೆ ಕೇಳಿದರೂ ಅಂಗಡಿಯವರ ಹೆದರಿಕೆ ಹೋಗಲಿಲ್ಲ. ಆದ್ದರಿಂದ ಒಂದೊಂದೇ ರಾಜ್ಯ ಕಾನೂನು ಮಾಡಿತು. ವಿವರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ತಿರುಳು ಮಾತ್ರ ಹೆಚ್ಚು ಕಡಿಮೆ ಇಷ್ಟೇ: ಒಂದು, ನಿಗದಿತ ಅವಧಿಯವರೆಗೆ ಮನೆಯವರಿಗಾಗಿ ಕಾಯಬೇಕು. ಎರಡು, ಅವರನ್ನು ಹುಡುಕುವ ಪ್ರಾಮಾಣಿಕ ಪ್ರಯತ್ನ ಮಾಡಬೇಕು. ಮೂರು, ಯಾರೂ ಬಾರದಿದ್ದರೆ ಸತ್ತವನ ಹೆಸರು, ಹುಟ್ಟಿದ ದಿನ ಮೊದಲಾದ ವಿವರಗಳನ್ನು ಮಾಜಿ ಸೈನಿಕರ ಇಲಾಖೆಗೋ ಮಾನ್ಯ ಸಂಘಟನೆಗೋ ಕೊಡಬಹುದು. ನಾಲ್ಕು, ಸೈನಿಕ ಎಂದು ಖಚಿತವಾದರೆ ಬೂದಿಯನ್ನು ಒಪ್ಪಿಸಬಹುದು. ಐದು, ಹೀಗೆ ನಿಯಮದಂತೆ ನಡೆದುಕೊಂಡವರ ಮೇಲೆ ದಾವೆ ಹೂಡುವಂತಿಲ್ಲ. ಗಂಟು ಇದ್ದದ್ದು ಈ ಐದನೆಯದರಲ್ಲೇ. ಒಳ್ಳೆಯ ಕೆಲಸ ಮಾಡಲು ಹೋದವನಿಗೆ ಶಿಕ್ಷೆಯ ಭಯ ಇರಬಾರದು, ಅಷ್ಟೇ.

2013ರ ಜನವರಿ 10ರಂದು ಅಧ್ಯಕ್ಷ ಒಬಾಮಾ ಸಹಿ ಮಾಡಿದ ಕೇಂದ್ರ ಕಾನೂನೊಂದು ಇನ್ನೊಂದು ಹೆಜ್ಜೆ ಇಟ್ಟಿತು. ಬಂಧುಗಳಿಲ್ಲದ, ಕೈಯಲ್ಲಿ ದುಡ್ಡೂ ಬಿಡದ ಮಾಜಿ ಸೈನಿಕನ ಶವಪೆಟ್ಟಿಗೆ ಅಥವಾ ಬೂದಿಯ ಕರಂಡಕದ ಖರ್ಚನ್ನೂ ಸರಕಾರ ಕೊಡಬಹುದು ಎಂದಿತು. ಜಾಗ ಉಚಿತವಾದರೂ ಪೆಟ್ಟಿಗೆಗೆ ದುಡ್ಡು ಯಾರು ಕೊಡಬೇಕು ಎಂಬಲ್ಲಿ ಕೆಲಸ ನಿಲ್ಲುತ್ತಿತ್ತು. ಕಾನೂನು ಎಂದರೆ ಬಹಳ ಸಲ ಇಷ್ಟು ಸಣ್ಣ ತೊಡಕನ್ನು ಬಿಡಿಸುವುದೇ.

ಬ್ರೈಟನ್ನಿನ ಐವತ್ಮೂರು ಮಂದಿ

ಅದು ಅಮೆರಿಕದ ಕತೆಯಾಯಿತು, ನಮಗೇನು ಎನ್ನಬೇಡಿ. ಪರದೇಶದಲ್ಲಿ ಬೂದಿಯಾದ ನಮ್ಮ ಸೈನಿಕರ ಕತೆ ಅದಕ್ಕಿಂತ ಹಳೆಯದು.

ಮೊದಲ ಮಹಾಯುದ್ಧದಲ್ಲಿ (1914-18) ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳನ್ನು ಇಂಗ್ಲೆಂಡಿನ ಬ್ರೈಟನ್ ಪಟ್ಟಣಕ್ಕೆ ತಂದರು. ಅಲ್ಲಿನ ರಾಜರ ಅರಮನೆಯನ್ನೇ ಆಸ್ಪತ್ರೆ ಮಾಡಿದ್ದರು. ಅಲ್ಲಿ ತೀರಿಕೊಂಡವರಲ್ಲಿ ಮುಸಲ್ಮಾನ ಸಿಪಾಯಿಗಳನ್ನು ವೋಕಿಂಗ್ ಎಂಬ ಊರಲ್ಲಿ ದಫನ್ ಮಾಡಿದರು. ಹಿಂದೂ ಮತ್ತು ಸಿಖ್ ಸಿಪಾಯಿಗಳು 53 ಮಂದಿ. ಅವರನ್ನು ಪ್ಯಾಚಂ ಎಂಬಲ್ಲಿ ಗುಡ್ಡದ ಮೇಲೆ, ಬಯಲಲ್ಲೇ ಸುಟ್ಟು ಬೂದಿಯನ್ನು ಸಮುದ್ರಕ್ಕೆ ಬಿಟ್ಟರು. ಆ ಜಾಗದಲ್ಲಿ ಬಿಳಿ ಅಮೃತಶಿಲೆಯ ಒಂದು ‘ಛತ್ರಿ’ ಕಟ್ಟಿ 1921ರ ಫೆಬ್ರುವರಿ 1ರಂದು ವೇಲ್ಸ್ ರಾಜಕುಮಾರನ ಕೈಯಿಂದ ಅನಾವರಣ ಮಾಡಿಸಿದರು. ಛತ್ರಿಯೇನೋ ಚೆಂದ. ಆದರೆ ಅದರ ಮೇಲೆ ಆ 53 ಮಂದಿಯ ಹೆಸರಿರಲಿಲ್ಲ! ಅವರ ಹೆಸರುಗಳನ್ನು ಕೆತ್ತಿದ ಕಲ್ಲು ಆ ಜಾಗಕ್ಕೆ ಬಂದದ್ದು 2010ರಲ್ಲಿ. ತೊಂಬತ್ತು ವರ್ಷ ಹತ್ತಿರ ಹತ್ತಿರ.

ಯುದ್ಧದಲ್ಲಿ ಸತ್ತವರನ್ನು ನೆನೆಯಲೆಂದೇ ಬ್ರಿಟಿಷರು 1917ರಲ್ಲಿ ಒಂದು ಆಯೋಗ ಸ್ಥಾಪಿಸಿದ್ದರು. ಈಗ ಅದರ ಹೆಸರು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. ಅಧಿಕಾರಿ, ಸಿಪಾಯಿ ಎಂಬ ಭೇದವಿಲ್ಲದೆ ಎಲ್ಲರಿಗೂ ಸಮಾನ ಗೌರವ ಎಂಬುದು ಅದರ ಮೂಲ ನಿಯಮ. ನಡೆದದ್ದು ಬೇರೆ. 2021ರ ಏಪ್ರಿಲ್‌ನಲ್ಲಿ ಆಯೋಗದ್ದೇ ವಿಶೇಷ ಸಮಿತಿ ಒಂದು ವರದಿ ಕೊಟ್ಟಿತು. ಆಫ್ರಿಕಾ, ಭಾರತ, ಮಧ್ಯಪ್ರಾಚ್ಯದ ಕನಿಷ್ಠ 1,16,000 ಮಂದಿಯನ್ನು ಹೆಸರಿನಿಂದ ನೆನೆದಿಲ್ಲ, ಇಲ್ಲವೇ ನೆನೆದೇ ಇಲ್ಲ ಎಂದು ಅದರಲ್ಲಿ ಒಪ್ಪಿಕೊಂಡರು. ಕ್ಷಮೆಯನ್ನೂ ಕೇಳಿದರು.

ಇದರಲ್ಲಿ ಕನ್ನಡ ನಾಡಿನ ಪಾಲೂ ಇದೆ. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದದ್ದು ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಕುದುರೆ ಸವಾರರು. ತೋಪು, ಮೆಶಿನ್‌ಗನ್‌ಗಳ ಎದುರು ಈಟಿ ಹಿಡಿದು ನುಗ್ಗಿದವರು. ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಕಡೆ ಇದೆ. ದೆಹಲಿಯ ತೀನ್ ಮೂರ್ತಿಯ ಮೂವರು ಸೈನಿಕರು ಮೈಸೂರು, ಜೋಧಪುರ, ಹೈದರಾಬಾದ್ ಸಂಸ್ಥಾನಗಳನ್ನೇ ಪ್ರತಿನಿಧಿಸುತ್ತಾರೆ. ದೆಹಲಿ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಗುರುಗಳು ಅಲ್ಲಿ ಒಂದು ನಿಮಿಷ ನಿಂತು ಇದನ್ನು ಹೇಳಬೇಕು.

ಮನೆಗೆ ಬಂದವರು, ಬಾರದವರು

ಸ್ವಾತಂತ್ರ್ಯ ಬಂದ ಮೇಲೂ ಬಹಳ ಕಾಲ ನಮ್ಮ ಸೈನಿಕರ ದೇಹ ಮನೆಗೆ ಬರುತ್ತಿರಲಿಲ್ಲ. ರಣರಂಗದ ಹತ್ತಿರವೇ ಸಂಸ್ಕಾರ ಮಾಡಿ ಮನೆಗೆ ತಂತಿ ಕಳಿಸುವುದು ಸಾಮಾನ್ಯವಾಗಿತ್ತು. 1962ರ ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ ಕುಮಾವೂ ರೆಜಿಮೆಂಟಿನ 13ನೇ ಬೆಟಾಲಿಯನ್ನಿನ ಒಂದು ತುಕಡಿ ಕೊನೆಯವರೆಗೂ ಹೋರಾಡಿತು. ನೂರಕ್ಕೂ ಹೆಚ್ಚು ಮಂದಿ ಮಡಿದರು. ಅವರ ದೇಹಗಳು ಸಿಕ್ಕಿದ್ದು ಮುಂದಿನ ವರ್ಷದ ಆರಂಭದಲ್ಲಿ, ಹಿಮದಲ್ಲಿ ಹೆಪ್ಪುಗಟ್ಟಿ, ಕೈಯಲ್ಲಿ ಬಂದೂಕು ಹಿಡಿದ ಹಾಗೆಯೇ. ಮೇಜರ್ ಶೈತಾನ್ ಸಿಂಗ್ ಅವರ ದೇಹವನ್ನು ಜೋಧಪುರಕ್ಕೆ ಒಯ್ದರು. ಉಳಿದವರ ಚಿತೆ ಆ ಗುಡ್ಡಗಾಡಿನಲ್ಲೇ ಉರಿಯಿತು.

1999ರ ಕಾರ್ಗಿಲ್ ಯುದ್ಧದಲ್ಲಿ ಇದು ಬದಲಾಯಿತು. ಮಡಿದ ಯೋಧರ ದೇಹಗಳನ್ನು ವಿಮಾನದಲ್ಲಿ ತಂದು ಅವರವರ ಹಳ್ಳಿಗೆ ಮುಟ್ಟಿಸಿದರು. ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆ ಹಳ್ಳಿಯ ಹಾದಿಯಲ್ಲಿ ಬರುವುದನ್ನು ಜನ ಆಗ ಕಂಡರು. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮಕುಸಿತದಲ್ಲಿ ಆರು ದಿನ ಹೂತುಹೋಗಿ, ಜೀವಂತ ಸಿಕ್ಕಿ, ಕೊನೆಗೆ 11ರಂದು ದೆಹಲಿಯಲ್ಲಿ ಕಣ್ಮುಚ್ಚಿದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಧಾರವಾಡ ಜಿಲ್ಲೆಯ ಬೆಟದೂರಿಗೆ ತಂದು ಮಣ್ಣು ಮಾಡಿದ್ದು ನಮಗೆಲ್ಲ ನೆನಪಿದೆ.

ಹುಡುಕುವ ಕೆಲಸ ಇನ್ನೂ ನಡೆದಿದೆ. 1968ರ ಫೆಬ್ರುವರಿ 7ರಂದು 102 ಮಂದಿಯನ್ನು ಹೊತ್ತ ವಾಯುಪಡೆಯ ಎಎನ್-12 ವಿಮಾನ ರೋಹ್ತಾಂಗ್ ಹತ್ತಿರ ಕಾಣೆಯಾಯಿತು. ಅದರ ಅವಶೇಷ ಮೊದಲು ಕಂಡದ್ದು 2003ರಲ್ಲಿ. 2024ರ ಸೆಪ್ಟೆಂಬರಿನಲ್ಲಿ, ಅಂದರೆ 56 ವರ್ಷಗಳ ಮೇಲೆ, ಇನ್ನೂ ನಾಲ್ವರ ದೇಹಗಳು ಸಿಕ್ಕವು. ಕಾಗದಪತ್ರ, ಸೇನೆಯ ದಾಖಲೆಗಳಿಂದ ಗುರುತು ಹಿಡಿಯಲು ಸಾಧ್ಯವಾಯಿತು. ಐವತ್ತಾರು ವರ್ಷವಾದರೂ ದೇಹಕ್ಕೆ ಮನೆಯ ದಾರಿ ತೋರಿಸಿದ್ದು ಒಂದು ಕಾಗದ!

ಗೋವೆಯ ನೆಲದಲ್ಲಿ

ನಮ್ಮ ಗೋವೆಗೆ ಬರೋಣ. 1961ರ ಡಿಸೆಂಬರ್ 18ರಂದು ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ಪೋರ್ಚುಗೀಸರೊಂದಿಗೆ ಹೋರಾಡುತ್ತ ನಮ್ಮ ಏಳು ನಾವಿಕರು ಪ್ರಾಣಕೊಟ್ಟರು. ಅಲ್ಲಿಗೆ ಹೋದ ಹಡಗುಗಳಲ್ಲಿ ಒಂದರ ಹೆಸರೇ ‘ಮೈಸೂರು’. ವಾಸ್ಕೋದ ಐ.ಎನ್.ಎಸ್. ಗೋಮಂತಕ ನೆಲೆಯಲ್ಲಿ ಅವರ ಸ್ಮಾರಕವಿದೆ.

ಬಂದೂಕು ಹಿಡಿಯದ ಹೋರಾಟಗಾರರೂ ಉಂಟು. ಗೋವಾ ರಾಷ್ಟ್ರೀಯತೆಯ ಪಿತಾಮಹರೆನಿಸಿದ ತ್ರಿಸ್ತಾಂವ್ ಬ್ರಾಗಾಂಜ ಕುನ್ಹಾ ಅವರು 1928ರಲ್ಲಿ ಗೋವಾ ಕಾಂಗ್ರೆಸ್ ಸಮಿತಿ ಕಟ್ಟಿದವರು, 1946ರಲ್ಲಿ ಬಂಧಿತರಾಗಿ ಪೋರ್ಚುಗಲ್ಲಿನ ಪೆನಿಶ್ ಕೋಟೆಯಲ್ಲಿ ಸೆರೆವಾಸ ಕಂಡವರು. 1958ರ ಸೆಪ್ಟೆಂಬರ್ 26ರಂದು ಮುಂಬಯಿಯಲ್ಲಿ ತೀರಿಕೊಂಡರು. ಗೋವೆ ಬಿಡುಗಡೆಯಾಗಲು ಇನ್ನೂ ಮೂರು ವರ್ಷ ಬೇಕಿತ್ತು. ಮುಂಬಯಿಯಲ್ಲಿ ಹೂಳಿದ್ದ ಅವರ ಅವಶೇಷಗಳನ್ನು 1986ರಲ್ಲಿ ಪಣಜಿಗೆ ತಂದು ಆಜಾದ್ ಮೈದಾನದಲ್ಲಿ ಇಟ್ಟರು. ಚಿಂಬಲ್‌ನಿಂದ ಪಣಜಿ ಪೇಟೆಗೆ ಹೋದಾಗ ಆ ಮೈದಾನದ ಪಕ್ಕದಿಂದ ನಾವೆಷ್ಟು ಸಲ ಹಾದುಹೋಗಿದ್ದೇವೋ! ಅಲ್ಲಿ ಒಬ್ಬರು 28 ವರ್ಷ ತಡವಾಗಿ ಊರಿಗೆ ಮರಳಿದ್ದಾರೆಂದು ಮಕ್ಕಳಿಗೆ ತೋರಿಸಬೇಕು.

ಇದಕ್ಕೂ ದೀರ್ಘ ಕಾಯುವಿಕೆ ಶ್ಯಾಮಜಿ ಕೃಷ್ಣವರ್ಮ ಅವರದು. 1930ರ ಮಾರ್ಚ್ 30ರಂದು ಜಿನೀವಾದಲ್ಲಿ ತೀರಿಕೊಂಡ ಅವರು, ದೇಶ ಸ್ವತಂತ್ರವಾದ ಮೇಲೆ ಒಯ್ಯಲೆಂದು ತಮ್ಮ ಮತ್ತು ಪತ್ನಿಯ ಅಸ್ಥಿಯನ್ನು ಕಾಯ್ದಿಡಲು ದುಡ್ಡು ಕಟ್ಟಿ ಏರ್ಪಾಡು ಮಾಡಿದ್ದರು. ದೇಶ ಸ್ವತಂತ್ರವಾದದ್ದು 1947ರಲ್ಲಿ. ಅಸ್ಥಿ ಬಂದದ್ದು 2003ರ ಆಗಸ್ಟ್‌ನಲ್ಲಿ. ನಡುವಿನ 56 ವರ್ಷ ಆ ಕರಂಡಕಗಳು ಕಾದವು. ಇಲ್ಲಿ ಹೆಸರು, ವಿಳಾಸ, ದುಡ್ಡು ಎಲ್ಲ ಇತ್ತು. ಹೋಗಿ ತರುವವರು ಬೇಕಾಗಿತ್ತು.

ನಮ್ಮ ಕಾನೂನಿನಲ್ಲಿ ಏನಿದೆ?

ಸಂವಿಧಾನದ ಏಳನೇ ಅನುಸೂಚಿಯಂತೆ ಹೂಳುವ, ಸುಡುವ ಜಾಗಗಳ ವಿಷಯ ರಾಜ್ಯಗಳದ್ದು. ಹನ್ನೆರಡನೇ ಅನುಸೂಚಿ ಅದನ್ನು ನಗರಸಭೆಗಳ ಕೆಲಸಗಳಲ್ಲಿ ಸೇರಿಸಿದೆ. ವಾರಸುದಾರರಿಲ್ಲದ ಶವಗಳ ವಿಷಯದಲ್ಲಿ ಕರ್ನಾಟಕದಲ್ಲಿ 1957ರ ಅನಾಟಮಿ ಕಾಯ್ದೆ ಇದೆ. ಅಂಥ ಶವಗಳನ್ನು ವೈದ್ಯಕೀಯ ಕಾಲೇಜಿಗೆ ಪಾಠಕ್ಕಾಗಿ ಕೊಡುವ ಬಗ್ಗೆ ಅದು ಹೇಳುತ್ತದೆ. ಸತ್ತವನಿಗೂ ಘನತೆಯ ಹಕ್ಕುಂಟು ಎಂದು ಸುಪ್ರೀಂ ಕೋರ್ಟು 1995ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತು. ಮನೆಯಿಲ್ಲದೆ ಬೀದಿಯಲ್ಲಿ ಸತ್ತವರಿಗೂ ಅವರ ಧರ್ಮದಂತೆ ಗೌರವದ ಸಂಸ್ಕಾರ ಸಿಗಬೇಕು ಎಂಬ ವಿಷಯ 2002ರ ಆಶ್ರಯ ಅಧಿಕಾರ ಅಭಿಯಾನ ಪ್ರಕರಣದಲ್ಲಿ ಬಂತು. ಇವೆಲ್ಲ ಶವದ ಮಾತಾಯಿತು. ಸುಟ್ಟ ಮೇಲೆ ಉಳಿಯುವ ಬೂದಿಯ ಬಗ್ಗೆ ನಾವು ಹೆಚ್ಚು ಯೋಚಿಸಿದ್ದೇ ಇಲ್ಲ, ಯಾಕೆಂದರೆ ಅದನ್ನು ಮನೆಯವರು ಒಯ್ದೇ ಒಯ್ಯುತ್ತಾರೆಂಬ ನಂಬಿಕೆ.

ಆ ನಂಬಿಕೆ ಕೊರೋನಾ ಕಾಲದಲ್ಲಿ ಅಲುಗಾಡಿತು. 2021ರ ಎರಡನೇ ಅಲೆಯಲ್ಲಿ ಬೆಂಗಳೂರಿನ ಚಿತಾಗಾರಗಳಲ್ಲಿ ನೂರಾರು ಮಂದಿಯ ಅಸ್ಥಿ ಹಾಗೆಯೇ ಉಳಿಯಿತು. ಕೆಲವರ ಮನೆಯವರು ಆಸ್ಪತ್ರೆಯಲ್ಲಿದ್ದರು, ಕೆಲವರು ಹೆದರಿದ್ದರು, ಕೆಲವು ಮನೆಗಳಲ್ಲಿ ಬರಲು ಯಾರೂ ಉಳಿದಿರಲಿಲ್ಲ. ಜೂನ್ ಆರಂಭದಲ್ಲಿ ಆಗಿನ ಕಂದಾಯ ಸಚಿವ ಆರ್. ಅಶೋಕ ಅವರು ಸರಕಾರದ ಪರವಾಗಿ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲೂಕಿನ ಬೆಳಕವಾಡಿ ಬಳಿ ಐನೂರಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ಕಾವೇರಿಗೆ ಬಿಟ್ಟರು. ಮಗ ಮಾಡಬೇಕಾದ ಕೆಲಸವನ್ನು ಸರಕಾರ ಮಾಡಿತು. ಒಳ್ಳೆಯದೇ. ಆದರೆ ಹೊಳೆಗೆ ಬಿಟ್ಟ ಬೂದಿಯನ್ನು ಮತ್ತೆ ಕೇಳುವಂತಿಲ್ಲ. ಅಮೆರಿಕದವರು ‘ಮೊದಲು ಹುಡುಕು, ಕಾಯಿ, ತಾಳೆ ನೋಡು, ಆಮೇಲೆ ಒಪ್ಪಿಸು’ ಎಂದು ಕಾನೂನಿನಲ್ಲಿ ಬರೆದದ್ದು ಇದಕ್ಕೇ. ನಮ್ಮ ರೂಢಿಯಲ್ಲಿ ಕಾಯುವ ಅವಧಿ ಚಿಕ್ಕದು. ಹಾಗಾಗಿ ಹುಡುಕುವ ಕೆಲಸ ಇನ್ನೂ ಬೇಗ ಆಗಬೇಕು.

ನಾವೇನು ಮಾಡಬಹುದು?

ಈ ಎಲ್ಲ ಕತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನಮಗೆ ಹೊಳೆದದ್ದು ಇಷ್ಟು. ಬೂದಿ ಅನಾಥವಾಗುವುದು ಪ್ರೀತಿ ಇಲ್ಲದ್ದರಿಂದಲೇ ಅಲ್ಲ. ಹೆಸರು, ತಂದೆಯ ಹೆಸರು, ಊರು ಈ ಮೂರರಲ್ಲಿ ಒಂದು ಕಳೆದುಹೋದರೂ ಸಾಕು. ದುಡಿಯಲು ಬಂದ ನಮ್ಮ ಜನರಲ್ಲಿ ಕಳೆದುಹೋಗುವುದು ಈ ಮೂರೇ. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಗುತ್ತಿಗೆದಾರನ ಪುಸ್ತಕದಲ್ಲಿ ಇನ್ನೊಂದು, ಓಣಿಯಲ್ಲಿ ಕರೆಯುವುದು ಮತ್ತೊಂದು. ಊರು ಕೇಳಿದರೆ ‘ವಿಜಾಪುರ ಕಡೆ’ ಎಂಬ ಉತ್ತರ. ವಿಜಾಪುರ ಕಡೆ ಎಂದರೆ ಎಷ್ಟು ಹಳ್ಳಿ?

ಸೈನ್ಯದಿಂದ ನಿವೃತ್ತರಾಗಿ ಸೆಕ್ಯುರಿಟಿ ಕೆಲಸಕ್ಕೆ ಪರಸ್ಥಳಕ್ಕೆ ಹೋಗುವವರು ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೇಕಾದಷ್ಟು ಮಂದಿ. ಅಂಥವರು ನಿಮ್ಮ ಓಣಿಯಲ್ಲಿದ್ದರೆ ‘ಕಾಕಾ, ನಿಮ್ಮ ಡಿಸ್ಚಾರ್ಜ್ ಬುಕ್ ಎಲ್ಲೈತ್ರಿ? ಮನ್ಯಾಗ ಯಾರಿಗೆ ಗೊತ್ತೈತ್ರಿ?’ ಎಂದು ಕೇಳಿ. ಆ ಪುಸ್ತಕ, ಪಿಂಚಣಿ ಆದೇಶ, ಮಾಜಿ ಸೈನಿಕರ ಗುರುತಿನ ಚೀಟಿ ಈ ಮೂರರ ಒಂದೊಂದು ಪ್ರತಿ ಊರಿನಲ್ಲೂ ಇರಬೇಕು. ಕರ್ನಾಟಕದಲ್ಲಿ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗಳಿವೆ, ಗೋವೆಯಲ್ಲಿ ಪಣಜಿಯಲ್ಲಿ ಇದೆ. ಅಲ್ಲಿ ಹೆಸರು ನೋಂದಾಯಿಸಿದ್ದರೆ ನಾಳೆ ಯಾರೂ ‘ಇವನು ಯಾರೋ’ ಎನ್ನುವಂತಿಲ್ಲ. ಸಾವಾದರೆ 21 ದಿನಗಳ ಒಳಗೆ, ಸತ್ತ ಸ್ಥಳದಲ್ಲೇ ನೋಂದಣಿ ಮಾಡಿಸಬೇಕು. 1969ರ ಕಾಯ್ದೆ ಅದನ್ನೇ ಹೇಳುತ್ತದೆ. ಆ ಸರ್ಟಿಫಿಕೇಟು ಇಲ್ಲದೆ ಹೆಂಡತಿಗೆ ಕುಟುಂಬ ಪಿಂಚಣಿಯೂ ಆಗದು.

ಶಿಕ್ಷಕರಾದ ನಮಗೂ ಕೆಲಸವಿದೆ. ಶಾಲೆಯ ದಾಖಲಾತಿ ರಿಜಿಸ್ಟರ್ ಎಂದರೆ ಪರಸ್ಥಳದ ಕನ್ನಡ ಮನೆಗೆ ಬಹಳ ಸಲ ಮೊದಲ ಸರಕಾರಿ ಬರಹ. ಅದರಲ್ಲಿ ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಮೂಲ ಊರು, ತಾಲೂಕು, ಜಿಲ್ಲೆ ಸರಿಯಾಗಿ ಬರೆದುಕೊಳ್ಳುವುದು ಬರೀ ಕಚೇರಿ ಕೆಲಸವಲ್ಲ. ಇತಿಹಾಸ ಪಾಠದಲ್ಲಿ ಒಂದು ದಿನ ಮಕ್ಕಳಿಂದಲೇ ಅವರ ಮನೆತನದ ಚೀಟಿ ಬರೆಸಿ: ಅಜ್ಜನ ಹೆಸರು, ಊರು, ಮಾಡಿದ ಕೆಲಸ, ಸೈನ್ಯದಲ್ಲಿ ಇದ್ದರೆ ಯಾವ ರೆಜಿಮೆಂಟು. ಚೀಟಿಯನ್ನು ಮನೆಗೆ ಒಯ್ದು ರೇಷನ್ ಕಾರ್ಡಿನ ಜೊತೆ ಇಡಲಿ. ಬ್ರೈಟನ್ನಿನ 53 ಮಂದಿ ತಮ್ಮ ಹೆಸರಿಗಾಗಿ ತೊಂಬತ್ತು ವರ್ಷ ಕಾದರು. ನಮ್ಮ ಓಣಿಯ ಒಬ್ಬರೂ ಹಾಗೆ ಕಾಯಬಾರದು.